ಆ ಹೆಸರುಗಳನ್ನು ಬಿಟ್ಟು ಬೀದಿಯನ್ನು ಬರೆಯುವುದು ಹೇಗೆ?

ಮಾನ್ಯರೆ,

ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಬ್ಯೂನಸ್ ಐರಿಸ್ ಪ್ರವಾಸ ಲೇಖನದ ಬಗ್ಗೆ ಸಾಗರದಿಂದ ನೀವು ಬರೆದ ದೀರ್ಘ ಪತ್ರ ತಲುಪಿದೆ. ಪೂರ್ತಿ ಅಚ್ಚು ಹಾಕಲು ಸ್ಥಳವಿಲ್ಲದ್ದರಿಂದ ನಿಮ್ಮ ಆಕ್ಷೇಪಗಳ ಸಾರವನ್ನು ಉಳಿದ ಓದುಗರಿಗಾಗಿ ಇಲ್ಲಿ ಕೊಡುತ್ತೇನೆ. ಸಂತೆ, ಕಾಫಿ, ಟ್ಯಾಂಗೊ ಎಂದು ಸೊಗಸಾಗಿ ಶುರುವಾದ ಬರಹ ಅರ್ಧದಲ್ಲಿ ದಾರಿ ತಪ್ಪಿ ಅರ್ಜೆಂಟೀನಾದ ಹಳೆಯ ಸೇನಾ ಆಡಳಿತದ ಕತೆಯಾಯಿತು; ಕೆಲವೇ ದಿನಗಳ ಮಟ್ಟಿಗೆ ಹೋದ ಪ್ರವಾಸಿಗೆ ಪರರ ಗಾಯ ಕೆದಕುವ ಅಧಿಕಾರವಿಲ್ಲ; ಆ ಆಡಳಿತದಲ್ಲಿ ಕಾಣೆಯಾದವರು 30,000 ಎಂಬುದು ವಿವಾದದ ಸಂಖ್ಯೆ; ಬಂಡುಕೋರರು ಮಾಡಿದ ಕೊಲೆಗಳ ಬಗ್ಗೆ ಒಂದು ಸಾಲೂ ಇಲ್ಲ.

ದಾರಿ ತಪ್ಪಿದೆ ಎಂಬುದನ್ನು ನಾನು ಒಪ್ಪುವುದಿಲ್ಲ. ನಿಮಗೆ ಇಷ್ಟವಾದ ಸಾನ್ ತೆಲ್ಮೊದ ಭಾನುವಾರದ ಸಂತೆಯನ್ನೇ ತೆಗೆದುಕೊಳ್ಳಿ. ಹಳೆಯ ಗಡಿಯಾರಗಳು, ಬಣ್ಣದ ಗಾಜಿನ ಸೋಡಾ ಬಾಟಲಿಗಳು, ಕಲ್ಲುಹಾಸಿನ ಮೇಲೆ ಕುಣಿಯುವ ಜೋಡಿಗಳು. ಅಲ್ಲಿಂದ ಕೆಲವು ನಿಮಿಷ ನಡೆದರೆ ಪಾಸೆಯೊ ಕೊಲೊನ್ ಎಂಬ ಹೆದ್ದಾರಿಯಂಥ ರಸ್ತೆ ಸಿಗುತ್ತದೆ. ಮೇಲ್ಸೇತುವೆಯ ಅಡಿಯಲ್ಲಿ ಅಗೆದಿಟ್ಟ ನೆಲ ಕಾಣುತ್ತದೆ. 1977ರಲ್ಲಿ ಅಲ್ಲಿದ್ದ ಪೊಲೀಸ್ ಕಟ್ಟಡದ ನೆಲಮಾಳಿಗೆಯಲ್ಲಿ ‘ಕ್ಲುಬ್ ಅತ್ಲೆತಿಕೊ’ ಎಂಬ ಹೆಸರಿನ ಗುಪ್ತ ಬಂಧನ ಕೇಂದ್ರವಿತ್ತು. ಮೇಲ್ಸೇತುವೆ ಕಟ್ಟುವ ಸಲುವಾಗಿ ಕಟ್ಟಡವನ್ನು ಕೆಡವಿ ಮಣ್ಣು ಮುಚ್ಚಿದರು. 2002ರಲ್ಲಿ ಉತ್ಖನನ ಆರಂಭವಾಗಿ ಆ ಗೋಡೆಗಳು ಮತ್ತೆ ಬೆಳಕಿಗೆ ಬಂದವು. ಸಂತೆಗೆ ಬಂದವರು ಮನೆಗೆ ಮರಳುವ ಬಸ್ಸು ಹಿಡಿಯುವುದೂ ಇದೇ ರಸ್ತೆಯಲ್ಲಿ. ಸಂತೆಯನ್ನು ಉಳಿಸಿ ಸೇತುವೆಯ ಕೆಳಗಿನದನ್ನು ಕತ್ತರಿಸಿ ಎಂದು ಲೇಖಕರಿಗೆ ಹೇಳಲು ನನಗೆ ಮನಸ್ಸು ಬರಲಿಲ್ಲ.

ಗಾಯ ಕೆದಕುವ ಮಾತು. ಆ ಊರಿನ ಪಾದಚಾರಿ ಮಾರ್ಗಗಳಲ್ಲಿ ಅಲ್ಲಲ್ಲಿ ಸಿಮೆಂಟಿನ ಒಂದು ಫಲಕ ಸಿಗುತ್ತದೆ. ಸುತ್ತಲಿನ ಬೂದು ಹಾಸಿನ ನಡುವೆ ಬಣ್ಣದ ಚೂರುಗಳನ್ನು ಒತ್ತಿ ಮಾಡಿದ ಅಂಚು, ಒಳಗೆ ಒಂದು ಹೆಸರು, ಆ ವ್ಯಕ್ತಿ ಇಲ್ಲಿ ವಾಸಿಸುತ್ತಿದ್ದರು ಅಥವಾ ಓದುತ್ತಿದ್ದರು ಎಂಬ ವಿವರ, ಹಿಡಿದೊಯ್ದ ದಿನಾಂಕ, ಪ್ರಭುತ್ವದ ಭಯೋತ್ಪಾದನೆ ಅವರನ್ನು ಕಾಣೆ ಮಾಡಿತು ಎಂಬ ಮಾತು. ಇವನ್ನು ಮಾಡಿದ್ದು ಬಡಾವಣೆಗಳ ನಿವಾಸಿಗಳೇ. ಬಂಧುಗಳು, ಹಳೆಯ ಸಹಪಾಠಿಗಳು, ಜೊತೆಗೆ ಕೆಲಸ ಮಾಡಿದವರು ಸೇರಿ ಸಿಮೆಂಟು ಕಲಸಿ, ಅಕ್ಷರ ಜೋಡಿಸಿ, ಮನೆಯ ಬಾಗಿಲ ಮುಂದೆಯೇ ಹೂಳುತ್ತಾರೆ. ಬೆಳಿಗ್ಗೆ ಕಟ್ಟಡದ ಕಾವಲುಗಾರ ಪೈಪಿನಲ್ಲಿ ನೀರು ಹಾಯಿಸಿ ಬಾಗಿಲ ಮುಂದಿನ ನೆಲ ತೊಳೆಯುವಾಗ ಆ ಫಲಕವನ್ನು ಮಾತ್ರ ಬಗ್ಗಿ ಬಟ್ಟೆಯಿಂದ ಒರೆಸಿದ್ದನ್ನು ನಮ್ಮ ಲೇಖಕರು ನೋಡಿದ್ದಾರೆ. ನಡೆದು ಹೋಗುವವರು ಓದಲಿ ಎಂದೇ ಇಟ್ಟದ್ದನ್ನು ಓದಿದರೆ ಅದು ಕೆದಕಿದ ಹಾಗೆ ಹೇಗಾದೀತು? ಕಂಡೂ ಕಾಣದಂತೆ ದಾಟುವುದೇ ಅವರಿಗೆ ಮಾಡುವ ಅವಮಾನ.

ಪ್ಲಾಸಾ ದೆ ಮಾಯೊ ಚೌಕದ ಭಾಗ ಉದ್ದವಾಯಿತು ಎಂದೂ ಬರೆದಿದ್ದೀರಿ. ನನ್ನ ಪ್ರಕಾರ ಅದು ಇನ್ನೂ ಉದ್ದವಾಗಬಹುದಿತ್ತು. ಸೇನೆ ಅಧಿಕಾರ ಕಸಿದುಕೊಂಡದ್ದು 1976ರ ಮಾರ್ಚ್ 24ರಂದು. ಮರುವರ್ಷ ಏಪ್ರಿಲ್ 30ರಂದು, ಕಾಣೆಯಾದ ಮಕ್ಕಳನ್ನು ಹುಡುಕುತ್ತ ಠಾಣೆ, ಬ್ಯಾರಕ್ಕು, ಚರ್ಚು, ನ್ಯಾಯಾಲಯ ಎಂದು ಅಲೆದು ಬರಿಗೈಲಿ ಮರಳಿದ್ದ ಹದಿನಾಲ್ಕು ಮಂದಿ ತಾಯಂದಿರು ಅಧ್ಯಕ್ಷರ ಕಚೇರಿಯ ಎದುರಿನ ಈ ಚೌಕಕ್ಕೆ ಬಂದರು. ಅಂದು ಶನಿವಾರ, ಚೌಕದಲ್ಲಿ ನರಪಿಳ್ಳೆ ಇರಲಿಲ್ಲ. ಜನ ನೋಡಬೇಕಲ್ಲ! ದಿನ ಬದಲಾಯಿಸಿದರು, ಕೊನೆಗೆ ಗುರುವಾರ ನಿಂತಿತು. ಗುಂಪುಗೂಡುವುದಕ್ಕೆ ನಿಷೇಧವಿದ್ದುದರಿಂದ ಪೊಲೀಸರು ‘ನಿಲ್ಲಬೇಡಿ, ನಡೆಯಿರಿ’ ಎಂದು ಗದರಿದರು. ಅವರು ಇಬ್ಬಿಬ್ಬರಾಗಿ ತೋಳು ಹಿಡಿದು ನಡುವಿನ ಸ್ತಂಭದ ಸುತ್ತ ನಡೆಯತೊಡಗಿದರು. ತಲೆಗೆ ಕಟ್ಟಿದ ಬಿಳಿ ಬಟ್ಟೆ ಮೊದಲಿಗೆ ಮಕ್ಕಳಿಗೆ ಕಟ್ಟುತ್ತಿದ್ದ ಲಂಗೋಟಿಯದು.

ಈ ನಡಿಗೆ ಶುರುಮಾಡಿದವರಲ್ಲಿ ಮುಖ್ಯರು ಅಸುಸೆನಾ ವಿಯಾಫ್ಲೋರ್. ಆಲ್ಫ್ರೆದೊ ಅಸ್ತೀಸ್ ಎಂಬ ನೌಕಾಪಡೆಯ ಅಧಿಕಾರಿ ತನ್ನ ಅಣ್ಣ ಕಾಣೆಯಾಗಿದ್ದಾನೆಂದು ಹೇಳಿಕೊಂಡು ಈ ತಾಯಂದಿರ ನಡುವೆ ಸೇರಿಕೊಂಡ. 1977ರ ಡಿಸೆಂಬರಿನಲ್ಲಿ ಕೆಲವೇ ದಿನಗಳೊಳಗೆ ಹನ್ನೆರಡು ಮಂದಿಯನ್ನು ಎತ್ತಿಕೊಂಡು ಹೋದರು. ಹೆಚ್ಚಿನವರನ್ನು ಹಿಡಿದದ್ದು ಸಾಂತಾ ಕ್ರೂಸ್ ಚರ್ಚಿನ ಬಳಿ, ಅಸುಸೆನಾ ಅವರನ್ನು ಅವರ ಮನೆಯ ಸಮೀಪ. ಹನ್ನೆರಡರಲ್ಲಿ ಮೂವರು ತಾಯಂದಿರು, ಇಬ್ಬರು ಫ್ರೆಂಚ್ ಸನ್ಯಾಸಿನಿಯರು. ಅವರನ್ನು ವಿಮಾನದಿಂದ ಜೀವಂತ ಸಮುದ್ರಕ್ಕೆ ಎಸೆಯಲಾಯಿತು. ಅಲೆಗಳು ದಡಕ್ಕೆ ತಂದ ಶವಗಳನ್ನು ಹೆಸರಿಲ್ಲದ ಗೋರಿಗಳಲ್ಲಿ ಹೂಳಿದರು. 2005ರಲ್ಲಿ ವಿಧಿವಿಜ್ಞಾನ ತಜ್ಞರು ಅಸುಸೆನಾ ಅವರ ಮೂಳೆಗಳನ್ನು ಗುರುತಿಸಿದರು. ಚಿತಾಭಸ್ಮವನ್ನು ಆಕೆ ಸುತ್ತು ಹಾಕುತ್ತಿದ್ದ ಸ್ತಂಭದ ಬುಡದಲ್ಲೇ ಇಟ್ಟರು. ಅಸ್ತೀಸ್‌ಗೆ ಜೀವಾವಧಿ ಶಿಕ್ಷೆಯಾದದ್ದು 2011ರಲ್ಲಿ. ಅಂಥ ಜಾಗದಲ್ಲಿ ನಿಂತು ಪಾರಿವಾಳಗಳ ಬಗ್ಗೆ ಮಾತ್ರ ಬರೆದಿದ್ದರೆ ಆ ಲೇಖನವನ್ನು ನಾನು ಹಿಂದಕ್ಕೆ ಕಳಿಸುತ್ತಿದ್ದೆ.

ಸಂಖ್ಯೆಯ ಬಗ್ಗೆ ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಪ್ರಜಾಪ್ರಭುತ್ವ ಮರಳಿದ ಮೇಲೆ ಅಧ್ಯಕ್ಷ ರೌಲ್ ಅಲ್ಫೊನ್ಸಿನ್ ನೇಮಿಸಿದ ಆಯೋಗ 1984ರಲ್ಲಿ ಕೊಟ್ಟ ವರದಿಯಲ್ಲಿ 8,961 ಕಣ್ಮರೆ ಪ್ರಕರಣಗಳಿವೆ. ಪಟ್ಟಿ ಅಪೂರ್ಣ ಎಂದು ಆಯೋಗವೇ ಹೇಳಿತು. ದೂರು ಕೊಡಲು ಹೆದರಿದವರಿದ್ದರು, ದೂರು ಕೊಡಲು ಯಾರೂ ಉಳಿಯದ ಮನೆಗಳಿದ್ದವು. ಚಿಲಿಯ ಗೂಢಚಾರನೊಬ್ಬ 1978ರಲ್ಲಿ ಬ್ಯೂನಸ್ ಐರಿಸ್‌ನಿಂದ ಕಳಿಸಿದ ವರದಿ, ಸೇನೆಯ ಲೆಕ್ಕದಲ್ಲೇ 1975ರಿಂದ ಅಲ್ಲಿಯವರೆಗೆ ಸತ್ತವರು ಮತ್ತು ಕಾಣೆಯಾದವರು 22,000 ಎನ್ನುತ್ತದೆ. 30,000 ಮಾನವ ಹಕ್ಕು ಸಂಘಟನೆಗಳ ಅಂದಾಜು. ನಾವೂ ಹಾಗೆಂದೇ ಅಚ್ಚು ಹಾಕಿದ್ದೇವೆ. ಹವಿಯೆರ್ ಮಿಲೇ 2023ರ ಚುನಾವಣಾ ಚರ್ಚೆಯಲ್ಲಿ ಈ ಸಂಖ್ಯೆಯನ್ನು ಅಲ್ಲಗಳೆದು ಅಧ್ಯಕ್ಷರೂ ಆದರು. ಶವವನ್ನು ಬಚ್ಚಿಟ್ಟವರು ಲೆಕ್ಕ ಒಪ್ಪಿಸಿಲ್ಲ. ಲೆಕ್ಕ ಸರಿಯಿಲ್ಲ ಎಂದು ಆ ತಾಯಂದಿರನ್ನು ಪಾಟೀಸವಾಲಿಗೆ ನಿಲ್ಲಿಸುವುದು ನನಗೆ ಸಹಿಸಲಾಗದ ಅನ್ಯಾಯ.

ಬಂಡುಕೋರರು ಕೊಲೆ ಮಾಡಿದ್ದು ನಿಜ. ಮೊಂತೊನೆರೊ ಎಂಬ ಬಂಡುಕೋರ ಗುಂಪಿನವರು 1970ರಲ್ಲಿ ಮಾಜಿ ಅಧ್ಯಕ್ಷ ಅರಂಬುರು ಅವರನ್ನು ಅಪಹರಿಸಿ ಕೊಂದರು. ಅಲ್ಫೊನ್ಸಿನ್ ಸೇನಾಧಿಪತಿಗಳ ಜೊತೆಗೆ ಬಂಡುಕೋರ ನಾಯಕರ ಮೇಲೂ ಮೊಕದ್ದಮೆಗೆ ಆದೇಶಿಸಿದ್ದರು. ಆದರೆ ನ್ಯಾಯಾಲಯ, ಜೈಲು, ಕಾನೂನು ಎಲ್ಲ ಕೈಯಲ್ಲಿದ್ದ ಸರ್ಕಾರ ವಿದ್ಯಾರ್ಥಿಗಳನ್ನೂ ಕಾರ್ಮಿಕ ಮುಖಂಡರನ್ನೂ ರಾತ್ರೋರಾತ್ರಿ ಹೊತ್ತೊಯ್ದಿತು, ಬಸುರಿಯರು ಹೆತ್ತ ಮೇಲೆ ಅವರನ್ನು ಕೊಂದು ಕೂಸುಗಳನ್ನು ಬೇರೆಯವರಿಗೆ ಹಂಚಿತು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನಾನು ಸಿದ್ಧನಿಲ್ಲ. ಹಾಗೆ ಹಂಚಿದ ಮಕ್ಕಳಲ್ಲಿ 140 ಮಂದಿಯನ್ನು 2025ರ ಜುಲೈ ಹೊತ್ತಿಗೆ ಅವರ ಅಜ್ಜಿಯರು ಕಟ್ಟಿದ ಸಂಘಟನೆ ಪತ್ತೆಹಚ್ಚಿದೆ. ಅವರಿಗೂ ಈಗ ಐವತ್ತರ ಆಸುಪಾಸು.

ನಮ್ಮ ತುರ್ತುಪರಿಸ್ಥಿತಿಯೊಡನೆ ಹೋಲಿಸಬಹುದಿತ್ತಲ್ಲ ಎಂದು ಇನ್ನೊಬ್ಬ ಓದುಗರು ಕೇಳಿದ್ದಾರೆ. ಬೇಡವೆಂದವನು ನಾನೇ. ಬೆಂಗಳೂರು ಜೈಲಿನಲ್ಲಿ ನರಳಿ, ಬಿಡುಗಡೆಯಾದ ಬೆನ್ನಲ್ಲೇ 1977ರ ಜನವರಿಯಲ್ಲಿ ತೀರಿಕೊಂಡ ನಟಿ ಸ್ನೇಹಲತಾ ರೆಡ್ಡಿ ಅವರ ಬಗ್ಗೆ ಬರೆಯುವುದಾದರೆ ಅವರಿಗೇ ಪುಟಗಳನ್ನು ಕೊಡಬೇಕು, ಇನ್ನೊಂದು ದೇಶದ ಕತೆಯ ಬಾಲವಾಗಿ ಅಲ್ಲ.

ಕೆಲಸದ ನಿಮಿತ್ತ ಆ ಊರಿಗೆ ಹೊರಟಿರುವ ನಿಮ್ಮ ಮಗಳು ಏನು ನೋಡಬೇಕು ಎಂದು ಕೇಳಿದ್ದೀರಿ. ಗುರುವಾರ ಮಧ್ಯಾಹ್ನ ಮೂರೂವರೆಗೆ ಪ್ಲಾಸಾ ದೆ ಮಾಯೊಗೆ ಹೋಗಲಿ. ತಾಯಂದಿರು 1986ರಲ್ಲಿ ಎರಡು ಸಂಘಟನೆಗಳಾಗಿ ಒಡೆದರು. ಎರಡು ಗುಂಪುಗಳು ಕಂಡರೆ ಗೊಂದಲಪಡಬೇಕಿಲ್ಲ, ಯಾರ ಹಿಂದೆಯಾದರೂ ನಡೆಯಬಹುದು. ಉಳಿದಿರುವ ತಾಯಂದಿರು ತುಂಬ ವಯಸ್ಸಾದವರು, ಫೋಟೊ ತೆಗೆಯುವ ಮುನ್ನ ಒಂದು ಮಾತು ಕೇಳಲಿ. ಇನ್ನೊಂದು ದಿನ ಲಿಬರ್ತದೋರ್ ರಸ್ತೆಯಲ್ಲಿರುವ ಎಸ್ಮಾಗೆ ಅರ್ಧ ದಿನ ಕೊಡಲಿ. ನೌಕಾಪಡೆಯ ಆ ಶಾಲೆಯಲ್ಲಿ ಸುಮಾರು 5,000 ಜನರನ್ನು ಕೂಡಿಹಾಕಿದ್ದರು. ಅಲ್ಲಿನ ವಸ್ತುಸಂಗ್ರಹಾಲಯವನ್ನು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಟ್ಯಾಂಗೊ ಸಂಜೆಯ ನಂತರವೇ ರಂಗೇರುವುದರಿಂದ ಅದಕ್ಕೂ ಸಮಯ ಉಳಿಯುತ್ತದೆ.

— ಸಂಪಾದಕ