ತಮ್ಮನನ್ನು ಪಾಲಿಹೌಸ್ ಕೆಲಸಕ್ಕೆ ಕಳಿಸಲೇ?

ಪ್ರಶ್ನೆ: ಅಕ್ಕ, ನನ್ನ ತಮ್ಮನಿಗೆ 29 ವರ್ಷ. ಬೈಪೋಲಾರ್ ಕಾಯಿಲೆ (ಮನಸ್ಸು ಅತಿಯಾಗಿ ಏರಿಳಿಯುವ ಕಾಯಿಲೆ) ಬಂದು ಇದ್ದ ಕೆಲಸ ಹೋಯಿತು. ನಿಮ್ಹಾನ್ಸ್‌ನಲ್ಲಿ ತೋರಿಸುತ್ತಿದ್ದೇವೆ, ಒಂದು ವರ್ಷದಿಂದ ಗೆಲುವಾಗಿದ್ದಾನೆ. ಲಿಥಿಯಂ ಮಾತ್ರೆ ನಡೀತಿದೆ. ಪಕ್ಕದೂರಿನ ಪಾಲಿಹೌಸಿನಲ್ಲಿ (ಪ್ಲಾಸ್ಟಿಕ್ ಹೊದಿಕೆಯ ಗಿಡಮನೆ) ಕ್ಯಾಪ್ಸಿಕಂ ಕೆಲಸಕ್ಕೆ ಕರೆಯುತ್ತಿದ್ದಾರೆ. ‘ಗಿಡಗಳ ಜೊತೆ ಇದ್ದರೆ ಮನಸ್ಸು ಹಗುರಾಗುತ್ತೆ’ ಅಂತಾರೆ ಎಲ್ಲರೂ. ಕಳಿಸಲೇ?
– ಹೆಸರು ಬೇಡ, ಮಾಲೂರು ತಾಲ್ಲೂಕು

ಉತ್ತರ: ಕಳಿಸಿ. ಆದರೆ ಮೊದಲು ಕ್ಯಾಪ್ಸಿಕಂ ಸಾಲಿಗಲ್ಲ, ಸಸಿ ಮಾಡುವ ನರ್ಸರಿಗೆ. ಹದಿನೆಂಟು ವರ್ಷದಿಂದ ನರ್ಸರಿ ನಡೆಸುತ್ತಿದ್ದೇನೆ, ಆ ಧೈರ್ಯದಿಂದ ಹೇಳುತ್ತಿದ್ದೇನೆ.

ಸಸಿ ಕೆಲಸ ಕೂತು ಮಾಡುವಂಥದ್ದು. 98 ಗುಳಿಯ ಟ್ರೇಗೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬು, ಗುಳಿಗೊಂದು ಬೀಜ ಹಾಕು, ತಾರೀಕು ಬರೆ. ಕ್ಯಾಪ್ಸಿಕಂ ಸಸಿ ನಾಟಿಗೆ ಬರಲು ಐದು ವಾರ ಬೇಕು. ತಾನು ಬರೆದ ತಾರೀಕಿನ ಟ್ರೇ ಗಾಡಿ ಹತ್ತುವುದನ್ನು ನೋಡಿದವನು ಮರುದಿನ ಕರೆಯದೆಯೇ ಬರುತ್ತಾನೆ.

ನನ್ನಲ್ಲಿಗೂ ಹೀಗೇ ಕಾಯಿಲೆಯಿಂದ ಎದ್ದ ಹುಡುಗನೊಬ್ಬ ಬಂದಿದ್ದ. ಗಿಡ ಒಣಗೀತು ಎಂಬ ಭಯಕ್ಕೆ ಮೂರು ಹೊತ್ತು ನೀರು ಹಾಕಿ, 40 ಟ್ರೇ ಟೊಮ್ಯಾಟೊ ಸಸಿ ಬುಡ ಕೊಳೆತು ಮಲಗಿದವು. ಎಲ್ಲರೆದುರು ಬೈದುಬಿಟ್ಟೆ. ಎರಡು ದಿನ ಬರಲಿಲ್ಲ. ನಾನೇ ಅವರ ಮನೆ ಬಾಗಿಲಿಗೆ ಹೋದೆ. ವಾಪಸ್ ಬಂದ ಮೇಲೆ ಟ್ರೇ ಎತ್ತಿ ತೂಕ ನೋಡುವುದು ಹೇಳಿಕೊಟ್ಟೆ: ಹಗುರಾಗಿದ್ದರೆ ನೀರು, ಭಾರವಿದ್ದರೆ ಮುಟ್ಟಬೇಡ. ಈಗ ಅವನು ಒಂದು ಮೂಲೆ ಎತ್ತಿ ನೋಡಿಯೇ ಹೇಳುತ್ತಾನೆ. ಮೊದಲ ದಿನವೇ ಇದನ್ನು ಹೇಳಿಕೊಡದ ತಪ್ಪು ನನ್ನದಲ್ಲವೇ?

ಇನ್ನು ಲಿಥಿಯಂ. ಇದನ್ನು ಹಗುರವಾಗಿ ತಗೋಬೇಡಿ. ಬೇಸಿಗೆ ಮಧ್ಯಾಹ್ನ ಪಾಲಿಹೌಸಿನೊಳಗೆ ಹೊರಗಿಗಿಂತ ಹೆಚ್ಚು ಬೇಗೆ. ಬೆವರಿ ಮೈಯ ನೀರು, ಉಪ್ಪು ಇಳಿದರೆ ರಕ್ತದಲ್ಲಿ ಲಿಥಿಯಂ ಪ್ರಮಾಣ ಏರುತ್ತದೆ. ಕೈ ಜೋರಾಗಿ ನಡುಗುವುದು, ವಾಂತಿ, ನಡಿಗೆ ತೂರಾಡುವುದು ಕಂಡರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಕೆಲಸಕ್ಕೆ ಸೇರಿಸುವ ಮುಂಚೆಯೇ ಡಾಕ್ಟರಿಗೆ ಹೇಳಿ, ರಕ್ತಪರೀಕ್ಷೆ ಯಾವಾಗ ಅಂತ ಕೇಳಿ. ಗಿಡಗಳಿಗೆ ಕೀಟದ ಔಷಧಿ ಹೊಡೆಯುವ ಕೆಲಸಕ್ಕೆ ಮಾತ್ರ ಹಾಕಬೇಡಿ ಎಂದು ಮಾಲೀಕರಿಗೆ ಮುಖಕ್ಕೇ ಹೇಳಿ. ಮುಚ್ಚಿದ ಮನೆಯಲ್ಲಿ ಅದರ ಘಾಟು ಬೇಗ ಹೋಗುವುದಿಲ್ಲ.

ಮೊದಲು ತರಬೇತಿ ಬೇಕೆನಿಸಿದರೆ ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದಲ್ಲೇ ತೋಟಗಾರಿಕೆ ಬಗ್ಗೆ ವಿಚಾರಿಸಿ. ಎನ್.ಎಸ್. ಹೇಮಾ 1959ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ) ಸಂಸ್ಥೆಯೂ ಅಂಗವಿಕಲರಿಗೆ ತೋಟಗಾರಿಕೆ ಕಲಿಸುತ್ತದೆ.

‘ಮನಸ್ಸು ಹಗುರಾಗುತ್ತೆ’ ಅನ್ನುವವರ ಮಾತು ಸುಳ್ಳಲ್ಲ. ಆದರೆ ಆ ನೆಪದಲ್ಲಿ ‘ಕೂಲಿ ಆಮೇಲೆ ನೋಡೋಣ’ ಅನ್ನುವ ಮಾಲೀಕರಿದ್ದಾರೆ, ಹುಷಾರು. ಪಕ್ಕದವನಿಗೆ ಎಷ್ಟೋ ಅಷ್ಟೇ ಕೂಲಿ, ಅದೂ ತಮ್ಮನ ಕೈಗೇ, ನಿಮ್ಮ ಕೈಗಲ್ಲ. ಹೊರಡುವಾಗ ಬುತ್ತಿ ಜೊತೆ ಎರಡು ಲೀಟರ್ ನೀರಿನ ಬಾಟಲಿ ಇರಲಿ. ಸಂಜೆ ಅದು ಖಾಲಿಯಾಗಿದೆಯೇ ಅಂತ ಮಾತ್ರ ನೀವು ನೋಡಿ.