ಓದುಗರ ಪ್ರಶ್ನೆ, ನಮ್ಮ ಉತ್ತರ: ಮೆಣಸಿನ ಪುಡಿ ಓಡಿತು, ರೋಗಾಣು ಓಡಿತೇ?

ಪ್ರಾಥಮಿಕ ಶಾಲೆಯ ತರಗತಿಯಲ್ಲಿ ಆಹಾರ, ವಿಜ್ಞಾನ ಮತ್ತು ಸುರಕ್ಷತೆಯ ಬಗ್ಗೆ ಮಾಡಿಸುವ ಚಟುವಟಿಕೆಗಳನ್ನು ಕುರಿತು ಶಿಕ್ಷಕರೂ ಪೋಷಕರೂ ಕಳುಹಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನಾನು ಎರಡನೇ ತರಗತಿಯ ಶಿಕ್ಷಕಿ. ತಟ್ಟೆಯ ನೀರಿನ ಮೇಲೆ ಕರಿಮೆಣಸಿನ ಪುಡಿ ಉದುರಿಸಿ, ಸಾಬೂನು ಹಚ್ಚಿದ ಬೆರಳನ್ನು ಅದರಲ್ಲಿ ಅದ್ದಿಸಿ, ಪುಡಿ ಅಂಚಿಗೆ ಸರಿಯುವುದನ್ನು ತೋರಿಸುತ್ತೇನೆ. ‘ರೋಗಾಣುಗಳೂ ಹೀಗೆಯೇ ಓಡಿಹೋಗುತ್ತವೆ’ ಎಂದು ಹೇಳುತ್ತೇನೆ. ಇದು ತಪ್ಪು ವಿಜ್ಞಾನವೆಂದು ಪೋಷಕರೊಬ್ಬರು ಆಕ್ಷೇಪಿಸಿದ್ದಾರೆ. ಮಕ್ಕಳು ಕೈ ತೊಳೆಯುವಂತಾದರೆ ಸಾಲದೇ?

ಉತ್ತರ: ಪೋಷಕರ ಆಕ್ಷೇಪ ಸರಿಯಾಗಿದೆ, ಮತ್ತು ಅದು ಕೇವಲ ಶಾಸ್ತ್ರದ ಮಾತಲ್ಲ. ನೀರಿನ ಮೇಲ್ಮೈ ಎಳೆದು ಕಟ್ಟಿದಂತೆ ಬಿಗಿಯಾಗಿರುತ್ತದೆ. ಸಾಬೂನು ತಾಗಿದ ಕಡೆ ಆ ಬಿಗಿ ಸಡಿಲವಾಗುತ್ತದೆ. ಸುತ್ತಲಿನ ಮೇಲ್ಮೈ ತನ್ನ ಕಡೆಗೆ ಎಳೆದುಕೊಳ್ಳುವಾಗ ತೇಲುತ್ತಿದ್ದ ಪುಡಿಯನ್ನೂ ಜೊತೆಗೆ ಒಯ್ಯುತ್ತದೆ. ಪುಡಿ ಯಾವುದಕ್ಕೂ ಹೆದರಿ ಓಡಿದ್ದಲ್ಲ. ಚರ್ಮದ ಜಿಡ್ಡಿನಲ್ಲಿ ಅಂಟಿಕೊಂಡ ರೋಗಾಣುಗಳು ಸಾಬೂನು ತಾಗಿದ ಮಾತ್ರಕ್ಕೆ ದೂರ ಸರಿಯುವುದೂ ಇಲ್ಲ. ಸಾಬೂನಿನ ಅಣುವಿನ ಒಂದು ತುದಿ ನೀರಿಗೂ ಇನ್ನೊಂದು ತುದಿ ಎಣ್ಣೆಗೂ ಅಂಟಿಕೊಳ್ಳುವುದರಿಂದ ಜಿಡ್ಡು ಸಡಿಲಗೊಳ್ಳುತ್ತದೆ. ಉಜ್ಜಿದಾಗ ಅದು ಚರ್ಮದಿಂದ ಮೇಲೇಳುತ್ತದೆ. ಹರಿಯುವ ನೀರು ಅದನ್ನು ರೋಗಾಣುಗಳೊಂದಿಗೆ ಕೊಚ್ಚಿಕೊಂಡು ಹೋಗುತ್ತದೆ. ಉಜ್ಜುವುದು, ತೊಳೆಯುವುದು ಎಂಬ ಎರಡು ಮುಖ್ಯ ಕೆಲಸಗಳೇ ನಿಮ್ಮ ತಟ್ಟೆಯಲ್ಲಿಲ್ಲ. ಬೆರಳ ತುದಿಗೆ ಸಾಬೂನು ತಾಗಿದರೆ ಸಾಕೆಂಬ ತೀರ್ಮಾನಕ್ಕೆ ಒಂದು ಚುರುಕು ಮಗು ಬಂದರೆ, ಆ ತೀರ್ಮಾನವನ್ನು ಕಲಿಸಿದ್ದು ನಿಮ್ಮ ಚಟುವಟಿಕೆಯೇ. ಒಳ್ಳೆಯ ಅಭ್ಯಾಸ ಬೆಳೆಸಲು ಸುಳ್ಳು ಪ್ರಯೋಗದ ನೆರವು ಬೇಕಾಗಿಲ್ಲ, ಏಕೆಂದರೆ ನಿಜವಾದ ಪ್ರಯೋಗ ಇದಕ್ಕಿಂತ ಸ್ವಾರಸ್ಯವಾಗಿದೆ.

ಮೂವರು ಮಕ್ಕಳ ಅಂಗೈಗೆ ಒಂದೇ ಅಳತೆಯ ಅಡುಗೆ ಎಣ್ಣೆ ಸವರಿ, ಬಣ್ಣದ ಸೀಮೆಸುಣ್ಣದ ಪುಡಿಯನ್ನು ಹಚ್ಚಿಸಿ. ಒಬ್ಬರು ಬರೀ ನೀರಿನಲ್ಲಿ 20 ಸೆಕೆಂಡು, ಇನ್ನೊಬ್ಬರು ಸಾಬೂನಿನಿಂದ 5 ಸೆಕೆಂಡು, ಮತ್ತೊಬ್ಬರು ಸಾಬೂನಿನಿಂದ 20 ಸೆಕೆಂಡು ಕೈ ತೊಳೆಯಲಿ. ಯಾರ ಕೈ ಹೆಚ್ಚು ಸ್ವಚ್ಛವಾಗುತ್ತದೆ ಎಂಬ ತಮ್ಮ ಊಹೆಯನ್ನು ಉಳಿದವರು ಮೊದಲೇ ಪುಸ್ತಕದಲ್ಲಿ ಬರೆದಿಡಲಿ. ಅನಂತರ ಮೂವರೂ ಬಿಳಿ ಕಾಗದದ ಮೇಲೆ ಅಂಗೈ ಒತ್ತಲಿ. ಬಣ್ಣ ಎಲ್ಲಿ ಉಳಿದಿದೆ ಎಂದು ಹುಡುಕುವುದು ಇಡೀ ಪಾಠದ ಜೀವಾಳ: ಹೆಬ್ಬೆರಳಿನ ಬುಡ, ಬೆರಳ ಸಂದು, ಉಗುರಿನ ಅಂಚು. ವಿಶ್ವ ಆರೋಗ್ಯ ಸಂಸ್ಥೆ ಕೈ ತೊಳೆಯುವ ಪೂರ್ಣ ಕ್ರಮಕ್ಕೆ 40ರಿಂದ 60 ಸೆಕೆಂಡು ಹೇಳುತ್ತದೆ; ಅದಕ್ಕೆ ಕಾರಣವೇನೆಂದು ನೀವು ವಿವರಿಸಬೇಕಾಗಿಲ್ಲ, ಕಾಗದದ ಮೇಲಿನ ಗುರುತುಗಳೇ ವಿವರಿಸುತ್ತವೆ. ಕೈಯಲ್ಲಿ ಗಾಯವೋ ತುರಿಕೆಯೋ ಇರುವ ಮಗುವನ್ನು ಇದಕ್ಕೆ ಆರಿಸಬೇಡಿ. ಮೆಣಸಿನ ತಟ್ಟೆಯನ್ನು ಎಸೆಯಬೇಕಾಗಿಲ್ಲ. ನೀರಿನ ಮೇಲ್ಮೈಯ ಗುಣವನ್ನು ಹೇಳುವ ದಿನ ಅದನ್ನು ಹೊರತೆಗೆಯಿರಿ.

ಪ್ರಶ್ನೆ: ಒಂದನೇ ತರಗತಿಯಲ್ಲಿ ಪ್ರತಿದಿನ ಮಕ್ಕಳ ಊಟದ ಡಬ್ಬಿಗಳನ್ನು ನೋಡಿ, ಆರೋಗ್ಯಕರ ಆಹಾರ ತಂದವರಿಗೆ ನಕ್ಷತ್ರ ಅಂಟಿಸುತ್ತೇವೆ. ಈಚೆಗೆ ಕೆಲವು ಮಕ್ಕಳು ಡಬ್ಬಿಯನ್ನು ಮುಚ್ಚಿಟ್ಟುಕೊಂಡೇ ತಿನ್ನುತ್ತಾರೆ. ಏನು ಮಾಡಬೇಕು?

ಉತ್ತರ: ನಕ್ಷತ್ರ ಕೊಡುವುದನ್ನು ನಿಲ್ಲಿಸಿ. ಡಬ್ಬಿಗೆ ಏನು ತುಂಬಬೇಕೆಂದು ಆರು ವರ್ಷದ ಮಗು ತೀರ್ಮಾನಿಸುವುದಿಲ್ಲ. ಆ ನಕ್ಷತ್ರ ಸಲ್ಲುವುದು ಮನೆಯವರ ಬಿಡುವಿಗೂ ಜೇಬಿಗೂ. ಮಕ್ಕಳು ತಾವು ತಿಂದ ತರಕಾರಿ ಮತ್ತು ಹಣ್ಣುಗಳ ಬಣ್ಣವನ್ನು ವಾರಕ್ಕೊಮ್ಮೆ ಒಂದು ದೊಡ್ಡ ಹಾಳೆಯಲ್ಲಿ ಎಲ್ಲರೂ ಸೇರಿ ತುಂಬಿಸಲಿ, ಯಾರ ಹೆಸರೂ ಅದರಲ್ಲಿ ಇರದಿರಲಿ. ತರಗತಿಯಲ್ಲಿ ಮಕ್ಕಳ ತೂಕ ನೋಡಿ ಗಟ್ಟಿಯಾಗಿ ಓದಿ ಹೇಳುವ ಪದ್ಧತಿ ನಿಮ್ಮಲ್ಲಿದ್ದರೆ ಅದನ್ನೂ ಕೈಬಿಡಿ.

ಪ್ರಶ್ನೆ: ಐದನೇ ತರಗತಿಯಲ್ಲಿ ಆಹಾರದ ಪಾಠವೆಂದರೆ ತಟ್ಟೆಯ ಚಿತ್ರಕ್ಕೆ ಬಣ್ಣ ತುಂಬುವುದಷ್ಟೇ ಆಗಿದೆ. ಇದನ್ನು ನಿಜವಾದ ವಿಜ್ಞಾನದೊಂದಿಗೆ ಜೋಡಿಸುವ ದಾರಿ ಯಾವುದು? ರುಚಿ ನೋಡುವ ಚಟುವಟಿಕೆಯನ್ನೂ ಅದೇ ಅವಧಿಯಲ್ಲಿ ಮಾಡಿಸಬಹುದೇ?

ಉತ್ತರ: ಅಯೋಡಿನ್ ಪರೀಕ್ಷೆಯಿಂದ ಆರಂಭಿಸಿ. ತೆಳುವಾಗಿಸಿದ ಅಯೋಡಿನ್ ದ್ರಾವಣವನ್ನು ಆಲೂಗಡ್ಡೆ, ಬ್ರೆಡ್ಡು, ಅನ್ನ ಮತ್ತು ಸೌತೆಕಾಯಿಯ ಚೂರುಗಳ ಮೇಲೆ ಒಂದೊಂದು ತೊಟ್ಟು ಹಾಕಿದರೆ, ಪಿಷ್ಟ ಇರುವಲ್ಲಿ ಕಂದು ಬಣ್ಣ ನೀಲಿಗಪ್ಪಿಗೆ ತಿರುಗುತ್ತದೆ, ಸೌತೆಕಾಯಿಯ ಮೇಲೆ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಇಷ್ಟಕ್ಕೇ ನಿಲ್ಲಿಸದೆ ಹಸಿರು ಬಾಳೆಕಾಯಿಯ ಬಿಲ್ಲೆಯನ್ನೂ ಚೆನ್ನಾಗಿ ಕಳಿತ ಬಾಳೆಹಣ್ಣಿನ ಬಿಲ್ಲೆಯನ್ನೂ ಪಕ್ಕಪಕ್ಕ ಇಡಿ. ಕಾಯಿ ಕಡುಗಪ್ಪಾಗುತ್ತದೆ, ಹಣ್ಣು ಅಷ್ಟಾಗಿ ಬಣ್ಣ ಬದಲಿಸುವುದಿಲ್ಲ; ಮಾಗುವಾಗ ಪಿಷ್ಟ ಸಕ್ಕರೆಯಾಗುತ್ತದೆ ಎಂಬ ಸಂಗತಿ, ಹಣ್ಣು ಸಿಹಿಯಾಗಿದ್ದೇಕೆ ಎಂಬ ಪ್ರಶ್ನೆಗೆ ತಾನಾಗಿ ಉತ್ತರವಾಗುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು: ಕಪ್ಪಾಗಿದ್ದೆಲ್ಲ ಕೆಟ್ಟ ಆಹಾರ ಎಂದು ಮಕ್ಕಳು ಭಾವಿಸುವುದು ಬಹಳ ಸುಲಭ. ಕಪ್ಪು ಬಣ್ಣ ಪಿಷ್ಟದ ಗುರುತೇ ಹೊರತು ದೋಷದ ಗುರುತಲ್ಲ ಎಂಬುದನ್ನು ಮೊದಲೇ ಹೇಳಿಬಿಡಿ.

ಇದರ ಜೊತೆಗೆ ಜೇಮ್ಸ್ ಲಿಂಡ್ ಅವರ ಕಥೆ ಹೇಳಬಹುದು. 1747ರಲ್ಲಿ ಈ ನೌಕಾ ವೈದ್ಯರು ವಿಟಮಿನ್ ಸಿ ಕೊರತೆಯಿಂದ ಬರುವ ಸ್ಕರ್ವಿ ರೋಗದಿಂದ ನರಳುತ್ತಿದ್ದ 12 ನಾವಿಕರನ್ನು ಇಬ್ಬಿಬ್ಬರ ಆರು ಜೋಡಿಗಳಾಗಿ ಮಾಡಿದರು. ಎಲ್ಲರಿಗೂ ಒಂದೇ ಬಗೆಯ ಊಟ ಕೊಟ್ಟು, ಅದರ ಮೇಲೆ ಪ್ರತಿ ಜೋಡಿಗೂ ಬೇರೆ ಬೇರೆ ಮದ್ದು ಕೊಟ್ಟರು. ಕಿತ್ತಳೆ ಮತ್ತು ನಿಂಬೆ ತಿಂದ ಜೋಡಿ ಎಲ್ಲರಿಗಿಂತ ಬೇಗ ಚೇತರಿಸಿಕೊಂಡಿತು. ವಿಟಮಿನ್ ಸಿ ಎಂಬ ಹೆಸರು ಯಾರಿಗೂ ಗೊತ್ತಿಲ್ಲದ ಕಾಲವದು. ಲಿಂಡ್ ಎಲ್ಲರಿಗೂ ಒಂದೇ ಊಟ ಕೊಟ್ಟದ್ದೇಕೆ ಎಂದು ಮಕ್ಕಳನ್ನು ಕೇಳಿ. ಪ್ರಯೋಗದಲ್ಲಿ ಒಂದನ್ನು ಮಾತ್ರ ಬದಲಿಸಬೇಕೆಂಬ ನಿಯಮವನ್ನು ಅವರ ಬಾಯಿಂದಲೇ ಹೊರಡಿಸಬಹುದು.

ರುಚಿ ನೋಡುವ ಚಟುವಟಿಕೆ ಮಾತ್ರ ಅದೇ ದಿನ, ಅದೇ ಮೇಜಿನ ಮೇಲೆ ಖಂಡಿತ ಬೇಡ. ಪ್ರಯೋಗದ ಮೇಜಿನ ಯಾವ ವಸ್ತುವೂ ಬಾಯಿಗೆ ಹೋಗಬಾರದು ಎಂಬುದಕ್ಕೆ ಒಂದು ವಿನಾಯಿತಿ ಕೊಟ್ಟರೂ ನಿಯಮ ಉಳಿಯುವುದಿಲ್ಲ. ಅಯೋಡಿನ್ ಸೀಸೆ ನಿಮ್ಮ ಕೈಯಲ್ಲೇ ಇರಲಿ, ಬಟ್ಟೆಗೆ ತಾಗಿದರೆ ಕಲೆ ಸುಲಭವಾಗಿ ಹೋಗುವುದಿಲ್ಲ. ರುಚಿಯ ದಿನಕ್ಕೆ ಬೇರೆ ತಟ್ಟೆ, ಬೇರೆ ಚಾಕು ಇಟ್ಟುಕೊಳ್ಳಿ. ಹಾಲು, ಮೊಟ್ಟೆ, ಕಡಲೆಕಾಯಿ, ಎಳ್ಳು ಮುಂತಾದವು ಯಾವ ಮಗುವಿಗೆ ಒಗ್ಗುವುದಿಲ್ಲ ಎಂಬುದನ್ನು ಮೊದಲೇ ಮನೆಯವರಿಂದ ಬರೆಸಿ ತರಿಸಿಕೊಳ್ಳಿ. ನಾಲಿಗೆಯ ತುದಿಯಲ್ಲಿ ಸಿಹಿ, ಹಿಂಬದಿಯಲ್ಲಿ ಕಹಿ ಎಂದು ತೋರಿಸುವ ಹಳೆಯ ನಕ್ಷೆಯನ್ನು ಗೋಡೆಯಿಂದ ಇಳಿಸಿ. ರುಚಿಯನ್ನು ಗುರುತಿಸುವ ಮೊಗ್ಗುಗಳಿರುವ ಎಲ್ಲ ಭಾಗಗಳೂ ಎಲ್ಲ ರುಚಿಗಳನ್ನೂ ಗುರುತಿಸುತ್ತವೆ.

ಪ್ರಶ್ನೆ: ಶಾಲೆಯಲ್ಲಿ ಸಕ್ಕರೆಯ ಬಗ್ಗೆ ಪಾಠವಾದ ಮೇಲೆ ನನ್ನ ಎಂಟು ವರ್ಷದ ಮಗಳು ಗೆಳತಿಯ ಹುಟ್ಟುಹಬ್ಬದಲ್ಲಿ ಕೇಕ್ ಮುಟ್ಟಲಿಲ್ಲ. ‘ಅದು ವಿಷವಂತೆ’ ಎಂದು ಅತ್ತಳು. ಶಿಕ್ಷಕರಿಗೆ ಏನೆಂದು ಹೇಳಲಿ?

ಉತ್ತರ: ‘ವಿಷ’ ಎಂಬ ಮಾತಿನ ಬದಲು ಲೆಕ್ಕ ಕೊಡಿ ಎಂದು ವಿನಯದಿಂದ ಹೇಳಿ. ಮಕ್ಕಳ ಕೈಗೆ ತಂಪು ಪಾನೀಯದ ಖಾಲಿ ಬಾಟಲಿ ಕೊಟ್ಟು ಲೇಬಲ್ ಓದಿಸಬೇಕು. 100 ಮಿಲಿಲೀಟರಿಗೆ 10 ಗ್ರಾಂ ಸಕ್ಕರೆ ಎಂದಿದ್ದರೆ 300 ಮಿಲಿಲೀಟರಿನ ಬಾಟಲಿಯಲ್ಲಿ 30 ಗ್ರಾಂ. ಚಹಾ ಚಮಚಕ್ಕೆ ಸುಮಾರು 4 ಗ್ರಾಂ ಎಂದರೆ ಏಳೂವರೆ ಚಮಚ. ಅಷ್ಟನ್ನೂ ಅಳೆದು ಪಾರದರ್ಶಕ ಲೋಟಕ್ಕೆ ಸುರಿಯುವಾಗ ಮಕ್ಕಳು ತಾವಾಗಿಯೇ ಉದ್ಗರಿಸುತ್ತಾರೆ, ಹೆದರಿಸಬೇಕಾದ ಅಗತ್ಯವಿಲ್ಲ. ಬೆರೆಸಿದ ಸಕ್ಕರೆಯ ಜೊತೆಗೆ ಜೇನುತುಪ್ಪ ಮತ್ತು ಹಣ್ಣಿನ ರಸದ ಸಕ್ಕರೆಯನ್ನೂ ಸೇರಿಸಿ, ಅವುಗಳಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ ಶೇಕಡಾ 10ಕ್ಕಿಂತ ಕಡಿಮೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಲಹೆ ಮಾಡಿದೆ. ಇಡೀ ಹಣ್ಣು ಮತ್ತು ಹಾಲಿನ ಸಕ್ಕರೆ ಈ ಲೆಕ್ಕಕ್ಕೆ ಸೇರುವುದಿಲ್ಲ. ದಿನಕ್ಕೆ 1600 ಕಿಲೋ ಕ್ಯಾಲರಿ ಬೇಕಾದ ಮಗುವಿಗೆ ಈ ಮಿತಿ 40 ಗ್ರಾಂ. ಒಂದು ಬಾಟಲಿಯಲ್ಲೇ ಅದರ ಮುಕ್ಕಾಲು ಪಾಲು ಮುಗಿಯುತ್ತದೆ ಎಂಬುದನ್ನು ಮಗು ತಾನೇ ಲೆಕ್ಕಹಾಕಿದರೆ, ದಿನವೂ ಕುಡಿಯುವ ಪಾನೀಯ ಬೇರೆ, ವರ್ಷಕ್ಕೆ ಕೆಲವು ಸಲ ಸಿಗುವ ಕೇಕಿನ ತುಂಡು ಬೇರೆ ಎಂಬುದು ಅದಕ್ಕೆ ಅರ್ಥವಾಗುತ್ತದೆ. ಮಗಳಿಗೆ ಈಗ ಬೇಕಾಗಿರುವುದು ವಾದವಲ್ಲ. ಮುಂದಿನ ಸಲ ನೀವೂ ಅವಳ ಪಕ್ಕದಲ್ಲಿ ಕುಳಿತು ಒಂದು ತುಂಡು ತಿನ್ನಿ.

ಪ್ರಶ್ನೆ: ನಾಲ್ಕನೇ ತರಗತಿಗೆ ರಸ್ತೆ ಸುರಕ್ಷತೆಯನ್ನು ಭಿತ್ತಿಚಿತ್ರಗಳಿಂದ ಕಲಿಸುತ್ತಿದ್ದೇವೆ. ಮಕ್ಕಳು ನಿಯಮ ಒಪ್ಪಿಸುತ್ತಾರೆ, ಆದರೆ ಗೇಟಿನಿಂದ ಹೊರಗೆ ನುಗ್ಗುತ್ತಾರೆ.

ಉತ್ತರ: ವಾಹನ ತಟ್ಟನೆ ನಿಲ್ಲಲಾರದು ಎಂಬುದು ಅವರ ಮೈಗೆ ತಿಳಿದಿಲ್ಲ. ಆಟದ ಮೈದಾನದಲ್ಲಿ ಸುಣ್ಣದ ಗೆರೆ ಎಳೆದು, ಒಬ್ಬೊಬ್ಬರನ್ನೇ ಜೋರಾಗಿ ಓಡಿಸಿ, ಗೆರೆ ಮುಟ್ಟಿದ ಕ್ಷಣ ಸೀಟಿ ಊದಿ. ಎಲ್ಲಿ ನಿಂತರೋ ಅಲ್ಲಿಗೆ ಟೇಪು ಹಿಡಿದು ಅಳೆಯಿರಿ. ಗೆರೆಯ ಮೇಲೆಯೇ ಯಾರೂ ನಿಲ್ಲಲಾರರು. ಅನಂತರ ಗಂಟೆಗೆ 50 ಕಿಲೋಮೀಟರ್ ವೇಗದ ವಾಹನದ ಲೆಕ್ಕ ಮಾಡಿಸಿ: ಅದು ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ, ಅಂದರೆ ಮಗುವನ್ನು ಕಂಡ ಚಾಲಕರ ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲೇ ವಾಹನ ಅಷ್ಟು ದೂರ ಬಂದಿರುತ್ತದೆ, ಬ್ರೇಕ್ ಹಿಡಿದ ಮೇಲಿನ ದೂರ ಇನ್ನೂ ಬಾಕಿ. 14 ಮೀಟರನ್ನು ಮಕ್ಕಳೇ ಮೈದಾನದಲ್ಲಿ ಅಳೆದು ಅದರ ಆ ತುದಿಯಿಂದ ಈ ತುದಿಗೆ ನಡೆಯಲಿ. ವೇಗ ಎರಡರಷ್ಟಾದರೆ ಬ್ರೇಕ್ ಹಿಡಿದ ಮೇಲೆ ಸಾಗುವ ದೂರ ಹೆಚ್ಚುಕಡಿಮೆ ನಾಲ್ಕರಷ್ಟಾಗುತ್ತದೆ ಎಂಬುದನ್ನು ಗಣಿತದ ಅವಧಿಗೆ ಉಳಿಸಿಕೊಳ್ಳಬಹುದು. ಆದರೆ ಈ ಪಾಠ ಕಲಿತ ಮಾತ್ರಕ್ಕೆ ಅವರು ಒಂಟಿಯಾಗಿ ರಸ್ತೆ ದಾಟಲು ಸಮರ್ಥರಾದರು ಎಂದುಕೊಳ್ಳಬೇಡಿ. ಎದುರಿಗೆ ಬರುವ ವಾಹನದ ವೇಗವನ್ನು ಅಂದಾಜು ಮಾಡುವ ಶಕ್ತಿ ಆ ವಯಸ್ಸಿಗೆ ಪೂರ್ತಿ ಬಂದಿರುವುದಿಲ್ಲ. ಗೇಟಿನ ಬಳಿ ಶಾಲೆ ಬಿಡುವ ಹೊತ್ತಿಗೆ ದೊಡ್ಡವರೊಬ್ಬರು ನಿಲ್ಲಲೇಬೇಕು.

ಪ್ರಶ್ನೆ: ವಿದ್ಯುತ್ ಮಂಡಲದ ಚಟುವಟಿಕೆಗೆ ಆಟಿಕೆಗಳಿಂದ ತೆಗೆದ ಬಟನ್ ಸೆಲ್ ಬಳಸಬಹುದೇ?

ಉತ್ತರ: ಬೇಡ. ನುಂಗಿದ ಬಟನ್ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಗಳಲ್ಲಿ ಒಳಗಿನ ಅಂಗಾಂಶವನ್ನು ತೀವ್ರವಾಗಿ ಸುಡಬಲ್ಲದು. ಆಟಿಕೆಯನ್ನು ನಡೆಸಲಾಗದಷ್ಟು ದುರ್ಬಲವಾದ ಸೆಲ್ಲಿಗೂ ಆ ಶಕ್ತಿ ಉಳಿದಿರುತ್ತದೆ. ಟಾರ್ಚಿಗೆ ಹಾಕುವ 1.5 ವೋಲ್ಟಿನ ಸೆಲ್, ಪುಟ್ಟ ಬಲ್ಬು, ಎರಡು ತಂತಿ ಸಾಕು. ಬಲ್ಬು ಇಲ್ಲದೆ ಸೆಲ್ಲಿನ ಎರಡು ತುದಿಗಳನ್ನು ತಂತಿಯಿಂದ ನೇರವಾಗಿ ಜೋಡಿಸಿದರೆ ತಂತಿ ಬಿಸಿಯಾಗುತ್ತದೆ ಎಂದು ಮೊದಲೇ ಎಚ್ಚರಿಸಿ, ಮತ್ತು ಇದೇ ಆಟವನ್ನು ಗೋಡೆಯ ಪ್ಲಗ್ಗಿನೊಂದಿಗೆ ಎಂದಿಗೂ ಆಡಬಾರದೆಂದು ಪಾಠದ ಆರಂಭದಲ್ಲೂ ಕೊನೆಯಲ್ಲೂ ಹೇಳಿ. ಮಗು ಬಟನ್ ಸೆಲ್ ನುಂಗಿರುವ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಬೇಡಿ, ನೋವು ಕಾಣಿಸಲಿ ಎಂದು ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಅದೇ ಬಗೆಯ ಇನ್ನೊಂದು ಸೆಲ್ ಇದ್ದರೆ ವೈದ್ಯರಿಗೆ ತೋರಿಸಲು ಜೊತೆಗೆ ಒಯ್ಯಿರಿ.