ಥೈರಾಯ್ಡ್ ಎಂದರೆ ನೆಂಟರೆದುರು ಹೇಳಬಹುದು

(ಹೆಸರು ಮತ್ತು ಗುರುತಿನ ವಿವರಗಳನ್ನು ಬದಲಿಸಿದೆ.)

ಸುಮತಿ ಟೀಚರ್‌ಗೆ 41 ವರ್ಷ. ಕಾಸರಗೋಡಿನ ಬದಿಯಡ್ಕ ಕಡೆಯ ಕನ್ನಡ ಶಾಲೆಯಲ್ಲಿ ಕೆಲಸ. 26ನೇ ವಯಸ್ಸಿನಲ್ಲಿ ಬೈಪೋಲಾರ್ ಕಾಯಿಲೆ, ಅಂದರೆ ಒಮ್ಮೆ ಉನ್ಮಾದ, ಒಮ್ಮೆ ಖಿನ್ನತೆ ಬರುವ ಮನೋರೋಗ, ಗೊತ್ತಾಯಿತು. ಮನಸ್ಸಿನ ಆ ಏರಿಳಿತ ತಡೆಯುವ ಲಿಥಿಯಂ ಮಾತ್ರೆಯ ಬಲದಿಂದ ಪಾಠ, ಸಂಸಾರ ಎರಡೂ ನಡೆದಿದ್ದವು.

ಏಪ್ರಿಲಿನ ಸೆಕೆಯಲ್ಲಿ ಆಪ್ತಸಲಹೆಗೆಂದು ಗಂಡನೊಂದಿಗೆ ನನ್ನ ಬಳಿ ಬಂದವರು ಕುಳಿತ ಕೂಡಲೇ ಫ್ಯಾನ್ ಆರಿಸುವಂತೆ ಕೇಳಿ, ಸೆರಗನ್ನು ಎರಡೂ ಭುಜಕ್ಕೆ ಹೊದ್ದುಕೊಂಡರು. ಧ್ವನಿ ಗೊಗ್ಗರಾಗಿತ್ತು. ಬಳೆಗಳು ಊದಿದ ಕೈಗೆ ಕಚ್ಚಿಕೊಂಡಿದ್ದವು. ನಾನು ಕೇಳಿದ್ದಕ್ಕೆ ಅವರು ಬಾಯಿ ತೆರೆಯುವಷ್ಟರಲ್ಲಿ ಗಂಡನೇ ಉತ್ತರಿಸಿ ಮುಗಿಸುತ್ತಿದ್ದರು.

"ಹಳೆಯದೇ ಮರುಕಳಿಸಿದೆ ಮೇಡಂ. ಬೆಳಗ್ಗೆ ಏಳುವುದಿಲ್ಲ. ಹಾಜರಿ ಕರೆಯುವಾಗ ಮಕ್ಕಳ ಹೆಸರೇ ಮರೆಯುತ್ತದಂತೆ. ನೀವು ನಾಲ್ಕು ಧೈರ್ಯದ ಮಾತು ಹೇಳಿ."

ಬೇಸರವೇ ಎಂದು ಟೀಚರನ್ನೇ ಕೇಳಿದೆ. "ಬೇಸರಕ್ಕಿಂತ ಮೈಯೇ ಭಾರ" ಎಂದರು. ಮಲಬದ್ಧತೆ, ಕೂದಲು ಉದುರುವುದು, ಮುಟ್ಟಿನಲ್ಲಿ ಅತಿಸ್ರಾವ, ಎಲ್ಲವೂ ಕೇಳಿದ ಮೇಲೆಯೇ ಹೊರಬಂದವು. ಮಾನಸಿಕ ರೋಗಿ ಎಂದು ಒಮ್ಮೆ ಹೆಸರಾದರೆ ಮಲಬದ್ಧತೆಯೂ ಮನಸ್ಸಿನ ಲೆಕ್ಕಕ್ಕೇ ಜಮೆಯಾಗುತ್ತದೆ.

ಫೈಲ್ ತೆರೆದರೆ ವರ್ಷಗಳಿಂದ ರಕ್ತಪರೀಕ್ಷೆಯೇ ಇಲ್ಲ. 2020ರಲ್ಲಿ ಕೋವಿಡ್‌ನಿಂದ ಕೇರಳ-ಕರ್ನಾಟಕದ ತಲಪಾಡಿ ಗಡಿ ಮುಚ್ಚಿದಾಗ ತಪ್ಪಿಹೋದ ಮಂಗಳೂರಿನ ವೈದ್ಯರ ಭೇಟಿ ಮತ್ತೆ ಹಳಿಗೆ ಬಂದಿರಲಿಲ್ಲ. ಹಳೆಯ ಚೀಟಿ ತೋರಿಸಿ ಮಾತ್ರೆ ತರುತ್ತಿದ್ದರು. ಲಿಥಿಯಂ ಥೈರಾಯ್ಡ್ ಗ್ರಂಥಿಯಿಂದ ಹಾರ್ಮೋನು ಹೊರಬರುವುದನ್ನೇ ತಡೆಯಬಲ್ಲದು. ಹೆಂಗಸರಲ್ಲಿ ಈ ತೊಂದರೆ ಹೆಚ್ಚು. ಹಾಗಾಗಿ ಸುಮಾರು 6 ತಿಂಗಳಿಗೊಮ್ಮೆ ಥೈರಾಯ್ಡ್ ಕುಂದಿದರೆ ಏರುವ ಟಿಎಸ್‌ಎಚ್, ಮೂತ್ರಪಿಂಡದ ಪರೀಕ್ಷೆ ಮಾಡಿಸಬೇಕು. ರಕ್ತದಲ್ಲಿ ಲಿಥಿಯಂ ಎಷ್ಟಿದೆ ಎಂಬುದನ್ನೂ ಆಗಾಗ ನೋಡಬೇಕು. ಧೈರ್ಯದ ಮಾತನ್ನು ಬದಿಗಿಟ್ಟು ವೈದ್ಯರಿಗೆ ಪತ್ರ ಬರೆದುಕೊಟ್ಟೆ. ಟಿಎಸ್‌ಎಚ್ 38 ಬಂತು. ಸಾಮಾನ್ಯವಾಗಿ ಅದು 4ರ ಆಸುಪಾಸು ದಾಟಬಾರದು. ಥೈರಾಯ್ಡ್ ಹಾರ್ಮೋನಿನ ಕೊರತೆ ತುಂಬುವ ಥೈರಾಕ್ಸಿನ್ ಮಾತ್ರೆ ಶುರುವಾಯಿತು.

ಮುಂದಿನ ಸಲ ಗಂಡನ ಮುಖ ಅರಳಿತ್ತು. "ಹಾಗಾದರೆ ಮೊದಲಿನಿಂದಲೂ ಇದು ಥೈರಾಯ್ಡೇ! ತಲೆಯ ಮಾತ್ರೆ ನಿಲ್ಲಿಸಬಹುದಲ್ಲ?" ನೆಂಟರಿಗೆಲ್ಲ ಫೋನ್ ಮಾಡಿ ಹೇಳಿಯೂ ಆಗಿತ್ತು. ಅವರ ಹಗುರ ನನಗೆ ಅರ್ಥವಾಗುತ್ತದೆ. ಥೈರಾಯ್ಡ್ ಎಂದು ಮದುವೆ ಊಟದ ಪಂಕ್ತಿಯಲ್ಲೂ ಹೇಳಬಹುದು, ಬೈಪೋಲಾರ್ ಎಂದು ಹೇಳಲಾಗದು. ಮೊಬೈಲಿನಲ್ಲಿ ಓದಿಯೂ ಬಂದಿದ್ದರು. ಓದಿದ್ದು ಸುಳ್ಳೇನಲ್ಲ: ಥೈರಾಯ್ಡ್ ಕುಂದಿ ಬುದ್ಧಿಭ್ರಮಣೆಯಾದ 14 ರೋಗಿಗಳ ವಿವರವನ್ನು ಬ್ರಿಟನ್ನಿನ ವೈದ್ಯ ರಿಚರ್ಡ್ ಆಶರ್ 1949ರಲ್ಲೇ ಪ್ರಕಟಿಸಿದ್ದರು. ಆದರೆ ಟೀಚರ್ ರಾತ್ರಿಗಟ್ಟಲೆ ನಿದ್ದೆಯಿಲ್ಲದೆ, ಸಾಲ ಮಾಡಿ ಸೀರೆ ಕೊಂಡು ಹಂಚಿದ ಆ 26ನೇ ವಯಸ್ಸಿನ ವರದಿಯೂ ಫೈಲಿನಲ್ಲಿತ್ತು. ಆಗ ಥೈರಾಯ್ಡ್ ಸರಿಯಾಗಿಯೇ ಇತ್ತು. ಆ ಹಾಳೆಯನ್ನು ಗಂಡನ ಕೈಗೇ ಕೊಟ್ಟೆ.

ಲಿಥಿಯಂ ಥಟ್ಟನೆ ನಿಲ್ಲಿಸಿದರೆ ಉನ್ಮಾದ ಮರುಕಳಿಸುವ ಅಪಾಯ ದೊಡ್ಡದು. ಬದಲಾವಣೆ ಏನಿದ್ದರೂ ಮನೋವೈದ್ಯರೇ ಮಾಡಬೇಕು ಎಂದೆ. ಥೈರಾಕ್ಸಿನ್ನನ್ನು ಬೆಳಗ್ಗೆ ಬರಿಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ ಅರ್ಧದಿಂದ ಒಂದು ಗಂಟೆ ಕಳೆದ ಮೇಲಷ್ಟೇ ಕಾಫಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ 4 ಗಂಟೆ ಅಂತರ. ಮರುಪರೀಕ್ಷೆ 6ರಿಂದ 8 ವಾರಕ್ಕೆ. ಅದಕ್ಕೆ ಮೊದಲು ಫಲವಿಲ್ಲವೆಂದು ಕೈಬಿಡಬಾರದು. ಇನ್ನೆರಡು ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ನೀರೂ ಮುಟ್ಟದ ಏಕಾದಶಿ ಬೇಡ, ಮೈಕೈ ನೋವಿಗೆಂದು ಅಂಗಡಿಯಿಂದ ಐಬುಪ್ರೊಫೆನ್‌ನಂಥ ಮಾತ್ರೆ ತರುವುದೂ ಬೇಡ. ಎರಡರಿಂದಲೂ ರಕ್ತದಲ್ಲಿ ಲಿಥಿಯಂ ಏರುತ್ತದೆ.

ಗಂಡನಿಗೆ ಬೇರೆಯಾಗಿ ಒಂದು ಮಾತು ಹೇಳಿದೆ: ವೈದ್ಯರ ಮುಂದೆ ಟೀಚರೇ ಮಾತಾಡಲಿ, ನೀವು ತಡೆದುಕೊಳ್ಳಿ.

ಮಳೆಗಾಲದ ಹೊತ್ತಿಗೆ ಮಕ್ಕಳ ಹೆಸರು ನಾಲಿಗೆಗೆ ಬರತೊಡಗಿತು. ನಮ್ಮ ನಿಜವಾದ ಮಾತುಕತೆ ಶುರುವಾದದ್ದು ಆಮೇಲೆ. ಈಗ ಟೀಚರ್ ಒಬ್ಬರೇ ಬರುತ್ತಾರೆ. ಸ್ಟಾಫ್ ರೂಮಿನಲ್ಲಿ ಯಾರಿಗೆ ಎಷ್ಟು ಹೇಳಬೇಕು, ಮಗಳಿಗೆ ಯಾವಾಗ ಹೇಳಬೇಕು ಎಂಬುದನ್ನು ಸದ್ಯ ಇಬ್ಬರೂ ಕೂತು ಯೋಚಿಸುತ್ತಿದ್ದೇವೆ.